ಕಡಿಮೆ ಬಜೆಟ್‌ನ ಪತ್ತೇದಾರಿ ಸ್ಪೂಫ್ ಸಿನಿಮಾ: ನೋಡಿದವರು ಏನಂತಾರೆ, ಯಾಕೆ ಹಾಗಂತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ತೇದಾರಿ ಸಿನಿಮಾಗಳನ್ನು ಗೇಲಿ ಮಾಡುವ ಸಣ್ಣ ಬಜೆಟ್‌ನ ಕಾಮಿಡಿಯೊಂದನ್ನು ನೋಡಿ, ಆಮೇಲೆ ಬೇರೆಯವರ ಅಭಿಪ್ರಾಯ ಓದಲು ಕೂತರೆ ತಲೆ ಗಿರ್ ಅನ್ನುತ್ತದೆ. ಒಬ್ಬರು ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ’ ಅಂತಾರೆ. ಅದರ ಕೆಳಗೇ ಇನ್ನೊಬ್ಬರು ‘ಸಮಯ ದಂಡ’ ಅಂತ ಬರೆದಿರುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಸಿನಿಮಾನಾ ಅನ್ನಿಸುತ್ತದೆ. ಇಂಥ ಚಿತ್ರಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಇಷ್ಟಾನಿಷ್ಟಗಳೂ ನುಸುಳಿವೆ, ಮುಚ್ಚಿಡುವುದಿಲ್ಲ.

ಸ್ಪೂಫ್ ಅಂದರೆ ಸರಿಯಾಗಿ ಏನು? ಕಾಮಿಡಿ ಇರುವ ಪತ್ತೇದಾರಿ ಚಿತ್ರ ಬೇರೆನಾ?

ಬೇರೆ. ಕಾಮಿಡಿ ಇರುವ ಪತ್ತೇದಾರಿ ಚಿತ್ರದಲ್ಲಿ ಪತ್ತೇದಾರ ತಮಾಷೆಯ ಮನುಷ್ಯ ಇರಬಹುದು, ಆದರೆ ಕೊಲೆ ಮಾತ್ರ ನಿಜವಾದ ಕೊಲೆ. ನಾವು ಕೊಲೆಗಾರನಿಗಾಗಿ ಕಾಯುತ್ತೇವೆ. ಸ್ಪೂಫ್‌ನಲ್ಲಿ ಗೇಲಿಗೆ ಸಿಗುವುದು ಪತ್ತೇದಾರಿ ಕಥೆ ಹೇಳುವ ಆ ರೀತಿಯೇ. ಉದ್ದ ಕೋಟು, ಭೂತಗನ್ನಡಿ, ‘ಈ ಕೋಣೆಯಲ್ಲಿರುವವರಲ್ಲೇ ಒಬ್ಬರು ಕೊಲೆಗಾರ’ ಅನ್ನುವ ಭಾಷಣ, ಸರಿಯಾದ ಹೊತ್ತಿಗೆ ಹೋಗುವ ಕರೆಂಟು, ಎಲ್ಲವೂ.

ಇದೇನು ಹೊಸದಲ್ಲ. ನಮಗೆ ಗೊತ್ತಿರುವ ಅತಿ ಹಳೆಯ ಪತ್ತೇದಾರಿ ಸಿನಿಮಾ 1900ರಲ್ಲಿ ಚಿತ್ರೀಕರಣವಾದ ‘ಶೆರ್ಲಾಕ್ ಹೋಮ್ಸ್ ಬ್ಯಾಫಲ್ಡ್’. ಅರ್ಧ ನಿಮಿಷದ್ದು. ಕಳ್ಳನೊಬ್ಬ ಹೋಮ್ಸ್‌ನ ಕಣ್ಣೆದುರೇ ಮಾಯವಾಗುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ಮಾಯ. ಕೊನೆಗೆ ಕದ್ದ ಮಾಲಿನ ಜೊತೆ ಪರಾರಿ. ಹೋಮ್ಸ್ ಬೆಪ್ಪಾಗಿ ನಿಲ್ಲುತ್ತಾನೆ. ಒಂದು ಕೋಣೆ, ಇಬ್ಬರು ನಟರು, ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡುವ ಒಂದು ಟ್ರಿಕ್, ಅಷ್ಟೇ ಬಂಡವಾಳ. ಅಂದರೆ ತೆರೆಯ ಮೇಲೆ ಬಂದ ಮೊದಲ ಪತ್ತೇದಾರನೇ ನಗೆಪಾಟಲಿಗೆ ಈಡಾದವನು!

ಇಂಥ ಚಿತ್ರಗಳಿಗೆ ಒಂದೋ ಹತ್ತಕ್ಕೆ ಹತ್ತು, ಇಲ್ಲಾ ಹತ್ತಕ್ಕೆ ಒಂದು. ಯಾಕೆ ಹೀಗೆ?

ನಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೊಡ್ಡ ಚಿತ್ರದಲ್ಲಿ ಕಥೆ ಹಿಡಿಸದಿದ್ದರೂ ಹಾಡು ಚೆನ್ನಾಗಿದೆ, ಕ್ಯಾಮೆರಾ ಕೆಲಸ ಚೆನ್ನಾಗಿದೆ, ಹೀರೋ ಇದ್ದಾನೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಕಡಿಮೆ ಬಜೆಟ್‌ನ ಸ್ಪೂಫ್‌ನಲ್ಲಿ ಆ ಊರುಗೋಲು ಯಾವುದೂ ಇಲ್ಲ. ಜೋಕ್ ನೆಲಕ್ಕೆ ಬಿದ್ದರೆ ನಮ್ಮ ಕಣ್ಣು ಸೀದಾ ಹಿಂದಿನ ಗೋಡೆಯ ಮೇಲೆ ಹೋಗುತ್ತದೆ, ಆ ಗೋಡೆ ಪ್ಲೈವುಡ್ ಅನ್ನುವುದು ಆಗಲೇ ಕಾಣುವುದು.

ಇನ್ನೊಂದು ಕಾರಣ ಸ್ವಲ್ಪ ಕಿರಿಕಿರಿಯದು. ಚಿಕ್ಕ ಚಿತ್ರಕ್ಕೆ ಮೊದಲು ಮತ ಹಾಕುವವರು ಸಾಮಾನ್ಯವಾಗಿ ತಂಡದವರ ಗೆಳೆಯರು, ನೆಂಟರು. ಅವರು ಹತ್ತು ಕೊಡುತ್ತಾರೆ. ಆಮೇಲೆ ನಿಜವಾದ ಥ್ರಿಲ್ಲರ್ ಅಂದುಕೊಂಡು ಬಂದವರು ಮೋಸ ಹೋದೆವು ಅನ್ನುವ ಸಿಟ್ಟಿನಲ್ಲಿ ಒಂದು ಕೊಡುತ್ತಾರೆ. ಪೋಸ್ಟರ್‌ನಲ್ಲಿ ಕತ್ತಲು, ಪಿಸ್ತೂಲು, ಗಂಭೀರ ಮುಖ ಇದ್ದರೆ ಈ ಎರಡನೇ ಗುಂಪು ಇನ್ನೂ ದೊಡ್ಡದಾಗುತ್ತದೆ. ಸುಮ್ಮನೆ ಸಿನಿಮಾ ನೋಡಿ ಸುಮಾರಾಗಿ ನಕ್ಕವರು ಬರೆಯುವ ಗೋಜಿಗೇ ಹೋಗುವುದಿಲ್ಲ.

ದುಡ್ಡು ಕಡಿಮೆಯಾದರೆ ನಗುವೂ ಕಡಿಮೆಯಾಗುತ್ತಾ?

ಆಗಬೇಕಿಲ್ಲ. ಹಾಗೆ ನೋಡಿದರೆ ಗೇಲಿಗೆ ಅತಿ ಸುಲಭವಾಗಿ ಸಿಗುವುದು ಪತ್ತೇದಾರಿ ಚಿತ್ರವೇ. ಬಾಹ್ಯಾಕಾಶದ ಸ್ಪೂಫ್ ಮಾಡಬೇಕಾದರೆ ನೌಕೆ ಕಟ್ಟಬೇಕು. ಪತ್ತೇದಾರಿಗೆ ಒಂದು ಮೇಜು, ಒಂದು ಟೇಬಲ್ ಲ್ಯಾಂಪ್, ಒಂದು ಕೋಟು, ಹೆಣವಾಗಿ ಅಲ್ಲಾಡದೆ ಮಲಗಬಲ್ಲ ಒಬ್ಬ ಸ್ನೇಹಿತ ಸಾಕು. ಇವರು ಗೇಲಿ ಮಾಡುವ 1940ರ ದಶಕದ ಕಪ್ಪು ಬಿಳುಪಿನ ಹಾಲಿವುಡ್ ಅಪರಾಧ ಚಿತ್ರಗಳಲ್ಲೂ ಎಷ್ಟೋ ಕೈ ಬಿಗಿ ಹಿಡಿದು ತೆಗೆದಂಥವೇ. ಆ ದಟ್ಟ ನೆರಳು, ಮಂಜು, ಕಿಟಕಿ ಪಟ್ಟಿಗಳ ಗೆರೆ ಗೆರೆ ಬೆಳಕು ನೋಡಲು ಚೆಂದ ನಿಜ. ಸೆಟ್ ಇಲ್ಲದ ಕಡೆ ಸೆಟ್ ಇಲ್ಲ ಅನ್ನುವುದನ್ನು ಮುಚ್ಚಲಿಕ್ಕೂ ಅವು ಕೆಲಸಕ್ಕೆ ಬರುತ್ತಿದ್ದವು.

ನೋಡುಗರು ಕ್ಷಮಿಸದೇ ಇರುವುದು ಒಂದೇ, ಶಬ್ದ. ರಟ್ಟಿನ ಗೋಡೆಗೆ ನಗುತ್ತಾರೆ, ಅಂಟಿಸಿದ ಮೀಸೆಗೆ ನಗುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಖಾಲಿ ಕೋಣೆಯ ಪ್ರತಿಧ್ವನಿ, ಒಂದು ಶಾಟ್‌ನಲ್ಲಿ ಫ್ಯಾನ್ ಸದ್ದು ಇದ್ದು ಮುಂದಿನ ಶಾಟ್‌ನಲ್ಲಿ ಇಲ್ಲದಿರುವುದು, ತುಟಿಗೆ ಹೊಂದದ ಡಬ್ಬಿಂಗ್, ಇವು ಪಂಚ್ ಲೈನನ್ನು ಅಲ್ಲೇ ಕೊಲ್ಲುತ್ತವೆ. ಜೋಕ್‌ನ ಕೊನೆಯ ಪದ ಕಿವಿಗೆ ಬೀಳದಿದ್ದರೆ ಅದು ಜೋಕ್ ಆಗುವುದಾದರೂ ಹೇಗೆ? ಅಭಿಪ್ರಾಯ ಓದುವಾಗ ‘ಮೇಕಿಂಗ್ ಚೀಪ್ ಆಗಿದೆ’ ಅಂತ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ‘ಮಾತು ಸರಿಯಾಗಿ ಕೇಳಿಸಲ್ಲ’ ಅಂತ ಇಬ್ಬರು ಮೂವರು ಹೇಳಿದ್ದರೆ ನಂಬುತ್ತೇನೆ.

‘ಬೇಕಂತಲೇ ಕೆಟ್ಟದಾಗಿ ಮಾಡಿದ್ದಾರೆ’ ಅಂತಾರಲ್ಲ, ಅದು ನೆಪ ಅಲ್ವಾ?

ಎಷ್ಟೋ ಸಲ ನೆಪವೇ. ಆದರೆ ಕಂಡುಹಿಡಿಯಲು ದಾರಿ ಇದೆ. ಒಂದು ದೃಶ್ಯ ಊಹಿಸಿಕೊಳ್ಳಿ.

ಹೆಣದ ಪಕ್ಕ ಪತ್ತೇದಾರ ಮಂಡಿಯೂರುತ್ತಾನೆ. ನೆಲದ ಮೇಲೆ ಬಟ್ಟೆಯ ಗುಂಡಿಯೊಂದು ಬಿದ್ದಿದೆ. ಅದನ್ನು ಚಿಮಟಿಗೆಯಲ್ಲಿ ಎತ್ತುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಮೂಸುತ್ತಾನೆ. ‘ಕೊಲೆಗಾರ ಎತ್ತರದವನು. ಅವಸರದಲ್ಲಿದ್ದ. ಬಟ್ಟೆಯ ವಿಷಯದಲ್ಲಿ ಮಹಾ ಬೇಜವಾಬ್ದಾರಿ ಮನುಷ್ಯ’ ಅನ್ನುತ್ತಾನೆ. ಸಹಾಯಕ ಬರೆದುಕೊಳ್ಳುತ್ತಾನೆ. ಪತ್ತೇದಾರ ಎದ್ದು ನಿಂತಾಗ ಅವನ ಕೋಟಿನ ನಡುವಿನ ಗುಂಡಿ ಇಲ್ಲ, ದಾರ ಮಾತ್ರ ನೇತಾಡುತ್ತಿದೆ. ಯಾರೂ ಏನೂ ಹೇಳುವುದಿಲ್ಲ. ಸಹಾಯಕ ಒಮ್ಮೆ ದಾರ ನೋಡುತ್ತಾನೆ, ಒಮ್ಮೆ ಪುಸ್ತಕ ನೋಡುತ್ತಾನೆ, ಬರೆದದ್ದನ್ನು ನಿಧಾನವಾಗಿ ಹೊಡೆದು ಹಾಕುತ್ತಾನೆ. ಕಟ್.

ಇದನ್ನು ತೆಗೆಯಲು ಖರ್ಚು ಏನೂ ಇಲ್ಲ. ಆದರೆ ಲೆಕ್ಕ ಬೇಕು. ದಾರ ನಮಗೆ ಕಾಣುವಷ್ಟು ಹೊತ್ತು ಕ್ಯಾಮೆರಾ ನಿಲ್ಲಬೇಕು. ಪತ್ತೇದಾರನಿಗೆ ಅದು ಗೊತ್ತಾಗಬಾರದು. ಈಗ ಇದನ್ನೇ ಕೆಟ್ಟದಾಗಿ ಮಾಡಿದ್ದು ನೋಡಿ: ಸಹಾಯಕ ‘ಸಾರ್, ಅದು ನಿಮ್ಮದೇ ಗುಂಡಿ ಸಾರ್!’ ಅಂತ ಕೂಗುತ್ತಾನೆ, ಪತ್ತೇದಾರ ಕಣ್ಣರಳಿಸಿ ಕ್ಯಾಮೆರಾ ಕಡೆ ತಿರುಗುತ್ತಾನೆ, ಹಿನ್ನೆಲೆಯಲ್ಲಿ ‘ಟೊಂಯ್’ ಅಂತ ಸದ್ದು. ದುಡ್ಡು ಎರಡಕ್ಕೂ ಅಷ್ಟೇ. ಮೊದಲನೆಯದು ನಮ್ಮನ್ನು ನಂಬಿದೆ. ಎರಡನೆಯದಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ, ಅದಕ್ಕೇ ಮೂರು ಸಲ ಹೇಳುತ್ತದೆ.

ಹಾಗಾಗಿ ಬೇಕಂತಲೇ ಕೆಟ್ಟದಾಗಿ ಮಾಡಿದ್ದರೆ ಆ ಕೆಟ್ಟತನಕ್ಕೂ ಒಂದು ಹದ ಇರುತ್ತದೆ. ಅಂಟಿಸಿದ ಮೀಸೆ ಒಂದು ಸಲ ಜಾರಿದರೆ ಅದು ತಪ್ಪು. ಪ್ರತಿ ವಿಚಾರಣೆಯಲ್ಲೂ ಸ್ವಲ್ಪ ಸ್ವಲ್ಪ ಜಾರಿ, ಕೊನೆಗೆ ಆ ಮೀಸೆಯೇ ಸುಳಿವಾದರೆ ಅದು ಬರವಣಿಗೆ.

ನಟರು ಯಾಕೆ ಇಷ್ಟು ಗಂಭೀರವಾಗಿರುತ್ತಾರೆ? ಕೆಲವರು ‘ನಟನೆಯೇ ಬರಲ್ಲ’ ಅಂತ ಬರೆದಿದ್ದಾರೆ.

ಮುಖದಲ್ಲಿ ನಗು ಇಲ್ಲದೆ ಅಸಂಬದ್ಧ ಮಾತಾಡುವುದೇ ಇಲ್ಲಿಯ ನಟನೆ. ಇದನ್ನು ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟಿದ್ದು 1980ರ ‘ಏರ್‌ಪ್ಲೇನ್!’. ಅದು ಪತ್ತೇದಾರಿ ಅಲ್ಲ, ವಿಮಾನ ದುರಂತದ ಸ್ಪೂಫ್. 1957ರ ‘ಜೀರೋ ಅವರ್!’ ಅನ್ನುವ ಗಂಭೀರ ಚಿತ್ರದ ಕಥೆಯನ್ನೇ ಹಕ್ಕು ಪಡೆದು ಬಳಸಿದ್ದರು. ಹಾಸ್ಯನಟರನ್ನು ಬಿಟ್ಟು ಲೆಸ್ಲಿ ನೀಲ್ಸನ್, ರಾಬರ್ಟ್ ಸ್ಟ್ಯಾಕ್, ಲಾಯ್ಡ್ ಬ್ರಿಜಸ್ ಅಂಥ ಗಂಭೀರ ಪಾತ್ರಗಳ ನಟರನ್ನು ಹಾಕಿಕೊಂಡರು. ಸುಮಾರು 35 ಲಕ್ಷ ಡಾಲರ್‌ನಲ್ಲಿ ಮುಗಿದ ಚಿತ್ರ ಅಮೆರಿಕದಲ್ಲೇ 8 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಅದೇ ತಂಡ, ಅದೇ ನೀಲ್ಸನ್ ಆಮೇಲೆ ಪೊಲೀಸ್ ಪತ್ತೇದಾರಿ ಕಡೆ ಬಂದರು.

ನಿಜವಾಗಿಯೂ ನಟನೆ ಬರದವರೂ ಇರುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಗುರುತು ಸುಲಭ. ಎದುರಿನವರು ಮಾತಾಡುವಾಗ ಅವರ ಮುಖ ನೋಡಿ. ಕೇಳಿಸಿಕೊಳ್ಳುತ್ತಿದ್ದಾರಾ, ಅಥವಾ ತಮ್ಮ ಮಾತಿನ ಸರದಿಗೆ ಕಾಯುತ್ತಿದ್ದಾರಾ?

ಹಳೆಯ ಪತ್ತೇದಾರಿ ಸಿನಿಮಾ, ಕಾದಂಬರಿ ಗೊತ್ತಿಲ್ಲದವರಿಗೆ ಅರ್ಥವಾಗುತ್ತಾ?

ಚೆನ್ನಾಗಿ ಬರೆದಿದ್ದರೆ ಆಗುತ್ತದೆ. ಪತ್ತೇದಾರಿ ಕಥೆಯ ಚಾಳಿಗಳು ಕಾದಂಬರಿ ಓದದವರಿಗೂ ಗೊತ್ತಿವೆ. ಹೋಮ್ಸ್‌ನದ್ದು ಅಂತ ಎಲ್ಲರೂ ಹೇಳುವ ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್’ ಅನ್ನುವ ಮಾತು ಕಾನನ್ ಡಾಯ್ಲ್ ಬರೆದ ಕಥೆಗಳಲ್ಲಿ ಆ ರೂಪದಲ್ಲಿ ಎಲ್ಲೂ ಇಲ್ಲ. ಎರಡೂ ಕಡೆ ಅಂಚಿರುವ ಆ ಟೋಪಿ ಜನಪ್ರಿಯವಾಗಿದ್ದು ಸಿಡ್ನಿ ಪ್ಯಾಜೆಟ್ ಬಿಡಿಸಿದ ಚಿತ್ರಗಳಿಂದ. ಆದರೂ ಜನರ ತಲೆಯಲ್ಲಿ ಇರುವ ಹೋಮ್ಸ್ ಅವನೇ. ಸ್ಪೂಫ್ ಗೇಲಿ ಮಾಡುವುದು ಈ ತಲೆಯೊಳಗಿನ ಹೋಮ್ಸ್‌ನನ್ನು. ಪುಸ್ತಕದ ಹೋಮ್ಸ್ ಬೇರೆಯೇ.

ಸಣ್ಣ ಚಿತ್ರಗಳಲ್ಲಿ ಹೋಮ್ಸ್ ಇಷ್ಟೊಂದು ಸಲ ಬರಲು ಕಾನೂನಿನ ಕಾರಣವೂ ಇದೆ. 1887ರಲ್ಲಿ ಶುರುವಾದ ಆ ಕಥೆಗಳ ಕೊನೆಯ ಕೃತಿಸ್ವಾಮ್ಯ ಅಮೆರಿಕದಲ್ಲಿ 2023ರ ಜನವರಿ 1ಕ್ಕೆ ಮುಗಿಯಿತು. ಹಕ್ಕಿಗೆ ದುಡ್ಡು ಕೊಡಬೇಕಿಲ್ಲ ಅಂದಮೇಲೆ ಬಿಡುತ್ತಾರಾ?

ಇಂತಿಂಥದ್ದೇ ಹಳೆಯ ಸಿನಿಮಾಗಳ ಶಾಟುಗಳನ್ನು ಹಿಡಿದು ಗೇಲಿ ಮಾಡುವ ಚಿತ್ರವಾದರೆ ಮಾತ್ರ ಮೂಲ ನೋಡಿರಬೇಕಾಗುತ್ತದೆ. 1982ರ ‘ಡೆಡ್ ಮೆನ್ ಡೋಂಟ್ ವೇರ್ ಪ್ಲೇಡ್’ನಲ್ಲಿ ಹಳೆಯ ಅಪರಾಧ ಚಿತ್ರಗಳ ತುಣುಕುಗಳನ್ನೇ ಕತ್ತರಿಸಿ ಸೇರಿಸಿದ್ದಾರೆ. ಪತ್ತೇದಾರನಾದ ಸ್ಟೀವ್ ಮಾರ್ಟಿನ್ ಆ ಹಳೆಯ ತಾರೆಗಳ ಜೊತೆ ಮಾತಾಡುವಂತೆ ಕಾಣುತ್ತದೆ. ಆ ಮುಖಗಳ ಗುರುತಿದ್ದವರಿಗೆ ಅದು ಹಬ್ಬ. ಇಲ್ಲದವರು ‘ಏನೋ ಪರವಾಗಿಲ್ಲ’ ಅಂತಾರೆ.

‘ಕಥೆಯೇ ಇಲ್ಲ’ ಅನ್ನುವ ದೂರು ತುಂಬಾ ಕಾಣುತ್ತದೆ. ಸ್ಪೂಫ್‌ಗೆ ಕಥೆ ಬೇಕಾ?

ಬೇಕೇ ಬೇಕು. ನನ್ನ ಪ್ರಕಾರ ಇಂಥ ಚಿತ್ರಗಳ ಬಗ್ಗೆ ಬರುವ ದೂರುಗಳಲ್ಲಿ ಅತಿ ನ್ಯಾಯವಾದದ್ದು ಇದೇ. ಬೈದವರೆಲ್ಲ ಬಜೆಟ್ ಬಗ್ಗೆ ಬೈದಂತೆ ಕಾಣುತ್ತದೆ, ಆದರೆ ಕೆದಕಿ ನೋಡಿದರೆ ಒಳಗಿರುವ ಸಿಟ್ಟು ಇದು: ನನಗೆ ಒಂದು ಒಗಟು ಕೊಟ್ಟರು, ಬಿಡಿಸಲೇ ಇಲ್ಲ.

ಪತ್ತೇದಾರಿ ಕಥೆ ಅಂದರೆ ನೋಡುವವನ ಜೊತೆ ಮಾಡಿಕೊಂಡ ಒಪ್ಪಂದ. ಕೊಲೆ ಆಯಿತು, ಇಷ್ಟು ಜನ ಇದ್ದರು, ಇಂತಿಂಥ ಸುಳಿವು ಸಿಕ್ಕವು. ಗೇಲಿಯ ಚಿತ್ರವಾದರೂ ನಮ್ಮ ತಲೆ ತನ್ನ ಪಾಡಿಗೆ ತಾನು ಲೆಕ್ಕ ಹಾಕುತ್ತಿರುತ್ತದೆ. ಹತ್ತನೇ ನಿಮಿಷದಲ್ಲಿ ತೋರಿಸಿದ ಕೆಂಪು ಕೈಗವಸು ಕೊನೆಯವರೆಗೂ ಮತ್ತೆ ಬರದಿದ್ದರೆ, ಎಷ್ಟೇ ನಕ್ಕಿದ್ದರೂ ಏನೋ ಬಾಕಿ ಉಳಿದ ಹಾಗೆ ಅನ್ನಿಸುತ್ತದೆ. ಕಥೆಯ ಉತ್ತರ ಎಷ್ಟು ಹುಚ್ಚಾಗಿದ್ದರೂ ನಡೆಯುತ್ತದೆ. ಹೆಣವೇ ಕೊಲೆಗಾರ ಅನ್ನಲಿ, ಪತ್ತೇದಾರನ ಅವಳಿ ತಮ್ಮ ಅನ್ನಲಿ. ಆದರೆ ಹಿಂದೆ ಬಿಟ್ಟ ಸುಳಿವುಗಳಿಗೆ ಅದು ಕೂಡಿಕೊಳ್ಳಬೇಕು.

ಸಣ್ಣ ಬಜೆಟ್‌ನವರು ಇಲ್ಲೇ ಎಡವುತ್ತಾರೆ. ಹತ್ತು ಒಳ್ಳೆಯ ತಮಾಷೆ ದೃಶ್ಯ ಬರೆಯುತ್ತಾರೆ, ಅವನ್ನು ಪೋಣಿಸಲು ಕೊಲೆಯೊಂದನ್ನು ದಾರದ ಹಾಗೆ ಬಳಸುತ್ತಾರೆ. ಕೊನೆಗೆ ಸಮಯ, ದುಡ್ಡು ಎರಡೂ ಮುಗಿದಾಗ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆದು ಐದು ನಿಮಿಷ ಭಾಷಣ ಮಾಡುತ್ತಾನೆ. ಆ ಭಾಷಣದಲ್ಲಿ ಮೊದಲ ಸಲ ಕೇಳುವ ಹೆಸರೊಂದು ಬಂದರೆ ಮುಗಿಯಿತು. ‘ಫಸ್ಟ್ ಹಾಫ್ ಸೂಪರ್, ಕ್ಲೈಮ್ಯಾಕ್ಸ್ ಪೂರ್ತಿ ಹಾಳು’ ಅನ್ನುವ ಅಭಿಪ್ರಾಯಗಳೆಲ್ಲ ಹುಟ್ಟುವುದು ಇಲ್ಲಿಂದ.

ನಡುವೆ ಯಾಕೆ ಅಷ್ಟು ಲ್ಯಾಗ್?

ಒಂದೇ ನಮೂನೆಯ ಜೋಕ್ ಮತ್ತೆ ಮತ್ತೆ ಬರುವುದರಿಂದ. ಪತ್ತೇದಾರ ದಡ್ಡ ಅನ್ನುವುದು ಮೊದಲ ಇಪ್ಪತ್ತು ನಿಮಿಷಕ್ಕೆ ಸಾಕು. ಆಮೇಲೆ ಅವನಿಗೆ ಇನ್ನೇನಾದರೂ ಬೇಕು, ಹಟವೋ, ಸಾಲವೋ, ತನಗಿಂತ ಜಾಣ ಸಹಾಯಕನ ಮೇಲಿನ ಹೊಟ್ಟೆಕಿಚ್ಚೋ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನ 1924ರ ‘ಶೆರ್ಲಾಕ್ ಜೂನಿಯರ್’ನಲ್ಲಿ ಪತ್ತೇದಾರನಾಗುವ ಕನಸು ಕಾಣುವ ಪ್ರೊಜೆಕ್ಟರ್ ಹುಡುಗನಿದ್ದಾನೆ. ಅವನ ಮೇಲೆ ಕಳ್ಳತನದ ಆರೋಪ ಬರುತ್ತದೆ, ಪ್ರೀತಿಸಿದ ಹುಡುಗಿ ಕೈತಪ್ಪುವ ಭಯವಿದೆ. ಸಾಹಸ ನೋಡಿ ನಗುತ್ತಲೇ ಅವನು ಗೆಲ್ಲಲಿ ಅಂತಲೂ ಅನ್ನಿಸುತ್ತದೆ. ಚಿತ್ರದ ಉದ್ದ ಸುಮಾರು 45 ನಿಮಿಷ ಅಷ್ಟೇ. ಇವತ್ತಿನ ಸ್ಪೂಫ್ ಒಂದೂವರೆ ಗಂಟೆ ದಾಟಿದರೆ ನನಗೆ ಸ್ವಲ್ಪ ಅನುಮಾನ ಶುರುವಾಗುತ್ತದೆ.

ಫೋನ್ ನೋಡುತ್ತಾ ಪಕ್ಕದಲ್ಲಿ ಓಡಿಸಬಹುದಾ?

ಓಡಿಸಬಹುದು, ನಗು ಬರಲ್ಲ. ‘ಏರ್‌ಪ್ಲೇನ್!’ ತಂಡದವರು 1982ರಲ್ಲಿ ‘ಪೊಲೀಸ್ ಸ್ಕ್ವಾಡ್!’ ಅನ್ನುವ ಟಿವಿ ಧಾರಾವಾಹಿ ಮಾಡಿದರು. 6 ಕಂತಿಗೇ ನಿಂತುಹೋಯಿತು. ಅದನ್ನು ನಿಲ್ಲಿಸಿದ ವಾಹಿನಿಯ ಮುಖ್ಯಸ್ಥರು ಕೊಟ್ಟ ಕಾರಣ ಈಗಲೂ ಜನ ನೆನಪಿಸಿಕೊಂಡು ನಗುತ್ತಾರೆ: ಇದು ಹಿಡಿಸಬೇಕಾದರೆ ನೋಡುಗರು ಇದನ್ನು ಕೂತು ನೋಡಬೇಕಾಗುತ್ತದೆ ಅನ್ನುವ ಅರ್ಥದ ಮಾತು. ಹಿಂದೆ ಮೂಲೆಯಲ್ಲಿ ನಡೆಯುವ ತಮಾಷೆ, ಫಲಕದ ಮೇಲಿನ ಬರಹ, ಇಂಥವೇ ಅದರ ಜೀವಾಳ. ಅದೇ ಪಾತ್ರ, ಅದೇ ನೀಲ್ಸನ್ 1988ರಲ್ಲಿ ‘ದ ನೇಕೆಡ್ ಗನ್’ ಆಗಿ ಚಿತ್ರಮಂದಿರಕ್ಕೆ ಬಂದಾಗ ಭರ್ಜರಿಯಾಗಿ ಓಡಿತು. ಕತ್ತಲಲ್ಲಿ ಕೂತವರು ತೆರೆಯನ್ನೇ ನೋಡುತ್ತಾರಲ್ಲ!

‘ಒಂದೂ ಜೋಕ್ ಇಲ್ಲ’ ಅಂತ ಬರೆದವರಲ್ಲಿ ಎಷ್ಟು ಜನ ತೆರೆ ನೋಡುತ್ತಿದ್ದರು ಅಂತ ನನಗೆ ಆಗಾಗ ಅನ್ನಿಸುವುದಿದೆ.

ಒಬ್ಬರೇ ನೋಡಬೇಕಾ, ಗುಂಪಲ್ಲಿ ನೋಡಬೇಕಾ?

ಗುಂಪಲ್ಲಿ. ಪಕ್ಕದವರ ನಗು ಅಂಟುತ್ತದೆ. ಸುಮಾರಾದ ಜೋಕ್ ಕೂಡ ನಾಲ್ಕು ಜನರಿದ್ದರೆ ದಾಟಿಕೊಳ್ಳುತ್ತದೆ. ಒಬ್ಬರೇ ನೋಡಿ ಬರೆದ ಅಭಿಪ್ರಾಯಕ್ಕೂ ಸ್ನೇಹಿತರ ಜೊತೆ ನೋಡಿ ಬರೆದದ್ದಕ್ಕೂ ಎರಡು ಮೂರು ಸ್ಟಾರ್ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ.

ರೇಟಿಂಗ್ ಎಷ್ಟು ನಂಬಬಹುದು?

ಅಂಕಿ ಏನು ಹೇಳುತ್ತದೆ ಅನ್ನುವುದು ಗೊತ್ತಿದ್ದರೆ ನಂಬಬಹುದು. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಜಾಲತಾಣದ ಶೇಕಡಾವಾರು ಅಂದರೆ ಎಷ್ಟು ವಿಮರ್ಶಕರು ಮೆಚ್ಚಿದ್ದಾರೆ ಅನ್ನುವ ಲೆಕ್ಕ. ಎಷ್ಟು ಮೆಚ್ಚಿದ್ದಾರೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಅಂದರೂ 100 ಬರುತ್ತದೆ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಾಜಾ ಟೊಮೇಟೊ, ಇಲ್ಲದಿದ್ದರೆ ಕೊಳೆತದ್ದು. ಚಿಕ್ಕ ಚಿತ್ರಕ್ಕೆ ಐದಾರು ವಿಮರ್ಶೆ ಮಾತ್ರ ಇರುತ್ತವೆ, ಒಬ್ಬರ ಮನಸ್ಸು ಬದಲಾದರೂ ಅಂಕಿ ಧಡಕ್ಕನೆ ಬೀಳುತ್ತದೆ.

ನೋಡುಗರೇ ಹತ್ತಕ್ಕೆ ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಮತಗಳ ನೇರ ಸರಾಸರಿ ಹಾಕುವುದಿಲ್ಲ, ಎಲ್ಲ ಮತಕ್ಕೂ ಒಂದೇ ತೂಕ ಕೊಡದೆ ಲೆಕ್ಕ ಹಾಕುತ್ತಾರೆ. ಅಲ್ಲಿ ಒಟ್ಟು ಅಂಕಿಗಿಂತ ಯಾವ ಅಂಕಕ್ಕೆ ಎಷ್ಟು ಮತ ಬಿದ್ದಿದೆ ಅನ್ನುವ ಪಟ್ಟಿ ನೋಡಿ. 5.2 ಅನ್ನುವ ಅಂಕಿ ಎರಡು ರೀತಿ ಬರಬಹುದು. ಎಲ್ಲರೂ ಐದರ ಆಸುಪಾಸು ಕೊಟ್ಟಿದ್ದರೆ ಚಿತ್ರ ನಿಜಕ್ಕೂ ಸಪ್ಪೆ. ಅರ್ಧ ಜನ ಎಂಟು ಒಂಬತ್ತು, ಇನ್ನರ್ಧ ಜನ ಒಂದು ಎರಡು ಕೊಟ್ಟಿದ್ದರೆ ಅಲ್ಲಿ ಏನೋ ಇದೆ. ಸ್ಪೂಫ್ ವಿಷಯದಲ್ಲಿ ನಾನು ಆರಿಸಿಕೊಳ್ಳುವುದು ಈ ಎರಡನೇ ಥರದ 5.2.

ಸ್ನೇಹಿತರು, ನೆಂಟರು ಬರೆದ ಹೊಗಳಿಕೆಯನ್ನು ಗುರುತಿಸುವುದು ಹೇಗೆ?

ದೃಶ್ಯ ಇದೆಯಾ ನೋಡಿ. ‘ಅದ್ಭುತ ತಂಡ, ಹೊಸ ಪ್ರಯತ್ನ, ಎಲ್ಲರೂ ನೋಡಲೇಬೇಕು, ಹಿನ್ನೆಲೆ ಸಂಗೀತ ಸೂಪರ್’ ಅಂತ ಇದ್ದು ಒಂದೇ ಒಂದು ಜೋಕ್‌ನ ಹೆಸರಿಲ್ಲದಿದ್ದರೆ ಬಿಟ್ಟುಬಿಡಿ. ನಿಜವಾಗಿ ನಕ್ಕವರು ತಡೆದುಕೊಳ್ಳಲಾರರು, ‘ಆ ಗಿಳಿಯ ವಿಚಾರಣೆ ಮಾಡುವ ಸೀನ್ ಇದೆಯಲ್ಲ...’ ಅಂತ ಶುರು ಮಾಡೇ ಮಾಡುತ್ತಾರೆ. ಬಯ್ಗುಳಕ್ಕೂ ಇದೇ ಮಾತು. ಯಾವ ದೃಶ್ಯ, ಯಾಕೆ ಹಿಡಿಸಲಿಲ್ಲ ಅಂತ ಹೇಳಿದವರ ಒಂದು ಸ್ಟಾರ್ ಅಭಿಪ್ರಾಯ ಓದಿಯೇ ಕೆಲವು ಸಿನಿಮಾ ನೋಡಬೇಕು ಅನ್ನಿಸಿದ್ದುಂಟು. ಅವರಿಗೆ ಹಿಡಿಸದ ಜೋಕ್ ಓದುವಾಗಲೇ ನನಗೆ ನಗು ಬಂದಿತ್ತು.

ಕೊಲೆಗಾರ ಯಾರು ಅಂತ ಹೇಳಿಬಿಟ್ಟರೆ ಸ್ಪೂಫ್ ಕೂಡ ಹಾಳಾಗುತ್ತಾ?

ಅರ್ಧ ಹಾಳಾಗುತ್ತದೆ. ಕೊಲೆಗಾರನ ಹೆಸರಿಗಿಂತ ಜೋಕ್‌ನ ಕೊನೆಯ ಸಾಲು ಹೇಳುವುದು ದೊಡ್ಡ ಅಪರಾಧ. ಟ್ರೇಲರ್‌ಗಳು ದಿನಾ ಮಾಡುವುದು ಅದನ್ನೇ, ಬಿಡಿ.

1985ರ ‘ಕ್ಲೂ’ ಇದರ ಜೊತೆಗೇ ಆಟ ಆಡಿತು. ಬೋರ್ಡ್ ಆಟವೊಂದನ್ನು ಆಧರಿಸಿದ ಆ ಕೊಲೆ ಕಾಮಿಡಿಗೆ ಮೂರು ಅಂತ್ಯ ಮಾಡಿ, ಬೇರೆ ಬೇರೆ ಚಿತ್ರಮಂದಿರಕ್ಕೆ ಬೇರೆ ಬೇರೆ ಅಂತ್ಯ ಕಳಿಸಿದರು. ಆಗ ಚಿತ್ರ ಅಷ್ಟೇನೂ ಓಡಲಿಲ್ಲ. ಆಮೇಲೆ ವಿಡಿಯೊದಲ್ಲಿ ಮೂರೂ ಅಂತ್ಯ ಒಂದರ ಹಿಂದೆ ಒಂದು ಬಂದಾಗ ಜನ ಮುಗಿಬಿದ್ದು ನೋಡಿದರು, ಈಗ ಅದಕ್ಕೆ ದೊಡ್ಡ ಅಭಿಮಾನಿ ಬಳಗವೇ ಇದೆ. ಕೊಲೆಗಾರ ಯಾರು ಅಂತ ಗೊತ್ತಿದ್ದವರೇ ಮತ್ತೆ ಮತ್ತೆ ನೋಡುತ್ತಾರೆ.

ಡಬ್ ಆದದ್ದು ನೋಡಲಾ, ಸಬ್‌ಟೈಟಲ್ ಹಾಕಿಕೊಳ್ಳಲಾ?

ಸಬ್‌ಟೈಟಲ್. ಆದರೆ ಅದರಲ್ಲೂ ಒಂದು ಕಷ್ಟ ಇದೆ. ನಟ ಬಾಯಿ ಬಿಡುವ ಮುಂಚೆಯೇ ಪಂಚ್ ಲೈನ್ ಕೆಳಗೆ ಬಂದುಬಿಡುತ್ತದೆ. ಮಾತಿನ ಮೇಲೆಯೇ ನಿಂತ ಸ್ಪೂಫ್ ಭಾಷೆ ದಾಟುವಾಗ ಸೊರಗುತ್ತದೆ. ಜಾರುವ, ಬೀಳುವ, ತಪ್ಪು ಬಾಗಿಲು ತೆಗೆಯುವ ತಮಾಷೆಗೆ ಭಾಷೆಯ ಹಂಗಿಲ್ಲ.

ಮಕ್ಕಳ ಜೊತೆ ನೋಡಬಹುದಾ?

ಮೊದಲು ನೀವು ನೋಡಿ. ಹೆಣ, ರಕ್ತ ನಕಲಿ ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ದ್ವಂದ್ವಾರ್ಥದ ಮಾತುಗಳ ಬಗ್ಗೆ ಅವರು ಕೇಳುವ ಪ್ರಶ್ನೆಗೆ ಉತ್ತರ ಹೊಂದಿಸುವುದು ಕಷ್ಟ.

ಕೆಲವು ಜೋಕ್‌ಗಳು ಮನಸ್ಸಿಗೆ ನೋವು ಮಾಡಿದವು. ‘ಸ್ಪೂಫ್ ಅಲ್ವಾ, ಸೀರಿಯಸ್ ತಗೋಬೇಡಿ’ ಅಂತಾರೆ. ಸರಿನಾ?

ಸರಿ ಅಲ್ಲ. ಪತ್ತೇದಾರಿ ಕಥೆಯ ಚಾಳಿಯನ್ನು ಗೇಲಿ ಮಾಡುವುದು ಒಂದು, ಯಾರದೋ ಬಣ್ಣ, ಮಾತಿನ ಶೈಲಿ, ದೇಹವನ್ನು ಗೇಲಿ ಮಾಡುವುದು ಇನ್ನೊಂದು. 1976ರ ‘ಮರ್ಡರ್ ಬೈ ಡೆತ್’ ಹೆಸರಾಂತ ಪತ್ತೇದಾರರನ್ನೆಲ್ಲ ಒಂದೇ ಬಂಗಲೆಗೆ ಕರೆಸಿ ಗೋಳು ಹುಯ್ದುಕೊಳ್ಳುವ ಚಿತ್ರ, ಬರವಣಿಗೆ ಚುರುಕಾಗಿದೆ. ಆದರೆ ಅದರಲ್ಲಿ ಚೀನೀ ಪತ್ತೇದಾರನ ಪಾತ್ರ ಮಾಡಿದ್ದು ಬ್ರಿಟಿಷ್ ನಟ ಪೀಟರ್ ಸೆಲ್ಲರ್ಸ್, ಮೇಕಪ್ ಹಾಕಿಕೊಂಡು, ಮುರುಕು ಇಂಗ್ಲಿಷ್ ಮಾತಾಡಿಕೊಂಡು. ಹಳೆಯ ಚಿತ್ರಗಳು ಹಾಗೇ ಮಾಡುತ್ತಿದ್ದವು, ಅದನ್ನೇ ಇವರು ಗೇಲಿ ಮಾಡಿದ್ದು ಅನ್ನುವ ವಾದ ಇದೆ. ಇವತ್ತು ನೋಡುವಾಗ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಚಿತ್ರ ಹಿಡಿಸಿತು, ಆ ಭಾಗ ಹಿಡಿಸಲಿಲ್ಲ ಅಂತ ಎರಡನ್ನೂ ಬರೆಯಬಹುದು. ಯಾರೂ ತಡೆಯುವುದಿಲ್ಲ.

ಪಾಪ, ಕಡಿಮೆ ದುಡ್ಡಲ್ಲಿ ಮಾಡಿದ್ದಾರೆ. ರೇಟಿಂಗ್‌ನಲ್ಲಿ ರಿಯಾಯಿತಿ ಕೊಡಬೇಕಾ?

ದುಡ್ಡಿನಿಂದ ಬರುವುದಕ್ಕೆ ಕೊಡಿ. ಕಾರ್ ಚೇಸ್ ಸಪ್ಪೆ, ಜನಜಂಗುಳಿಯ ದೃಶ್ಯದಲ್ಲಿ ಎಂಟೇ ಜನ, ಒಂದೇ ಮನೆ ಪೊಲೀಸ್ ಠಾಣೆಯೂ ಹೌದು ಆಸ್ಪತ್ರೆಯೂ ಹೌದು. ಇವಕ್ಕೆಲ್ಲ ಮಾಫಿ. ಬರವಣಿಗೆಗೆ ಕೊಡಬೇಡಿ. ಸುಳಿವು ಕೂಡಿಕೊಳ್ಳದಿರುವುದಕ್ಕೆ, ಹಳಸಲು ಜೋಕಿಗೆ, ಎಡಿಟಿಂಗ್‌ನಲ್ಲಿ ಕತ್ತರಿ ಹಾಕಲು ಮನಸ್ಸು ಬಾರದ್ದಕ್ಕೆ ಬಜೆಟ್ ಕಾರಣ ಅಲ್ಲ. ಎಂಟು ಜನರ ಜನಜಂಗುಳಿಯನ್ನು ಕೂಡ ಜಾಣರು ಜೋಕ್ ಮಾಡಿಕೊಳ್ಳುತ್ತಾರೆ. ‘ಇಡೀ ಊರೇ ಸೇರಿದೆ ಸಾರ್’ ಅಂತ ಕಾನ್‌ಸ್ಟೇಬಲ್ ಗಂಭೀರವಾಗಿ ವರದಿ ಕೊಟ್ಟರೆ ಆಯಿತಲ್ಲ.

ನಾನೂ ಒಂದು ಅಭಿಪ್ರಾಯ ಬರೆಯಬೇಕು. ಹೇಗೆ ಬರೆದರೆ ಓದುವವರಿಗೆ ಉಪಯೋಗ?

ಎಲ್ಲಿ ನಕ್ಕಿರಿ, ಎಲ್ಲಿ ಗಡಿಯಾರ ನೋಡಿದಿರಿ, ಇವೆರಡನ್ನು ಹೇಳಿ. ಒಂದು ದೃಶ್ಯವನ್ನು ಅರ್ಧ ಹೇಳಿ, ಪಂಚ್ ಬಿಟ್ಟುಬಿಡಿ. ಯಾವ ಥರದ ತಮಾಷೆ ಅಂತ ಒಂದು ಮಾತು ಇರಲಿ, ಮಾತಿನದ್ದಾ, ಬೀಳುವುದು ಏಳುವುದಾ, ಮುಖ ಗಂಟು ಹಾಕಿಕೊಂಡು ಹೇಳುವಂಥದ್ದಾ. ಶಬ್ದ ಹೇಗಿದೆ ಅಂತ ಬರೆಯಿರಿ. ಕೊಲೆಯ ಒಗಟು ಬಿಡಿಸಿಕೊಳ್ಳುತ್ತದಾ ಇಲ್ಲವಾ ಅನ್ನುವುದಕ್ಕೆ ಹೌದು ಇಲ್ಲ ಸಾಕು. ನಿಮಗೆ ಪರಿಚಯದವರ ಸಿನಿಮಾ ಆದರೆ ಅದನ್ನೂ ಹೇಳಿಬಿಡಿ, ಓದುವವರು ಲೆಕ್ಕ ಹಾಕಿಕೊಳ್ಳುತ್ತಾರೆ.

‘ನಗು ಬರಲಿಲ್ಲ’ ಅನ್ನುವುದು ಪೂರ್ತಿ ಸಾಚಾ ಅಭಿಪ್ರಾಯ. ಅದಕ್ಕೆ ಕ್ಷಮೆ ಕೇಳಬೇಕಿಲ್ಲ. ‘ಇದನ್ನು ನೋಡಿ ನಕ್ಕವರು ದಡ್ಡರು’ ಅನ್ನುವ ಮುಂದಿನ ಸಾಲು ಮಾತ್ರ ಬೇಡ.

ಮೊದಲ ಸಲ ನಗು ಬರಲಿಲ್ಲ. ಎರಡನೇ ಸಲ ನೋಡಿದರೆ ಬರುತ್ತಾ?

ಥ್ರಿಲ್ಲರ್ ಅಂದುಕೊಂಡು ಕೂತಿದ್ದರೆ, ಅಥವಾ ತಲೆ ಬೇರೆಲ್ಲೋ ಇದ್ದರೆ, ಬರುವ ಸಾಧ್ಯತೆ ಇದೆ. ಕೊಲೆಗಾರ ಗೊತ್ತಿರುವುದರಿಂದ ಕಣ್ಣು ಮೂಲೆಗಳ ಕಡೆ ಹೋಗುತ್ತದೆ, ಅಲ್ಲಿರುವ ತಮಾಷೆಗಳು ಆಗ ಕಾಣುತ್ತವೆ. ಮೊದಲ ಹದಿನೈದು ನಿಮಿಷ ಹಾಕಿ ನೋಡಿ. ಪತ್ತೇದಾರ ತೆರೆಯ ಮೇಲೆ ಬಂದು ಎರಡು ಮೂರು ಮಾತಾಡಿದ ಮೇಲೂ ತುಟಿ ಅಲ್ಲಾಡದಿದ್ದರೆ ಆಫ್ ಮಾಡಿ ಬೇರೆ ಏನಾದರೂ ಹಾಕಿಕೊಳ್ಳಿ.